ಡೊಂಕು ಸಾಲಿನ ಕಾಗದ

ನಾನು ಅಕ್ಕನಿಗೆ ಬರೆದ ಕಾಗದ ನನಗೇ ವಾಪಸ್ಸು ಬಂತು. ವಿಳಾಸ ತಪ್ಪಿ ಬಂದದ್ದಲ್ಲ, ಅಕ್ಕನೇ ಹೊಸ ಲಕೋಟೆಗೆ ಹಾಕಿ ಕಳಿಸಿದ್ದಳು. ಮೊದಲ ಕೆಲವು ಸಾಲುಗಳಲ್ಲಿ ಪದಪದದ ಕೆಳಗೂ ಕೆಂಪು ಗೆರೆ ಎಳೆದು, ಅದು ಏನಿರಬಹುದೆಂದು ತನಗೆ ತೋಚಿದ್ದನ್ನು ಮೇಲೆ ಬರೆದಿದ್ದಳು. ಪುಟದ ನಡುವಿಗೆ ಬರುವಷ್ಟರಲ್ಲಿ ಅವಳಿಗೂ ಸಾಕಾಗಿರಬೇಕು, ಬರೀ ಪ್ರಶ್ನಾರ್ಥಕ ಚಿಹ್ನೆಗಳು ಉಳಿದಿದ್ದವು. ಕೊನೆಯಲ್ಲಿ, ಕರಿಹಲಗೆಯಿಂದ ಇಳಿದು ಬಂದಂಥ ಅವಳ ದುಂಡಕ್ಷರಗಳಲ್ಲಿ ಇಷ್ಟು ಬರೆದಿತ್ತು: "ಓದಲಾಗಲಿಲ್ಲ. ಕೈಗೆ ಹಿಂಸೆ ಕೊಡಬೇಡ. ಇನ್ನು ಮುಂದೆ ಮಗಳ ಕೈಲಿ ಟೈಪ್ ಮಾಡಿಸಿ ಕಳಿಸು."

ಅಕ್ಕ ಆಯುಷ್ಯವೆಲ್ಲ ಶಾಲೆಯಲ್ಲಿ ಪಾಠ ಹೇಳಿದವಳು. ನನಗೆ ಅಕ್ಷರ ಕಲಿಸಿದ್ದೂ ಅವಳೇ. ನನ್ನ ಮದುವೆ ಗೊತ್ತಾದ ಸುದ್ದಿಯನ್ನು ಬರೆದಾಗ ಅವಳು ಅದರ ಅಂಚಿನಲ್ಲೇ "ಸಂತೋಷ. ಸಾಲುಗಳು ಮೇಲಕ್ಕೆ ಏರುತ್ತಿವೆ, ಗಮನಿಸು" ಎಂದು ಷರಾ ಹಾಕಿ ಹಿಂದಿರುಗಿಸಿದ್ದಳು. ಅಂಥವಳು ನನ್ನ ಬರವಣಿಗೆಯನ್ನು ತಿದ್ದದೆ ಕೈಬಿಟ್ಟದ್ದು ಇದೇ ಮೊದಲು.

ಈ ಕೈ ನನಗೆ ಅನ್ನ ಕೊಟ್ಟ ಕೈ. ಬೆಳೆಗೆ ಬೀಳುವ ಕೀಟಗಳನ್ನು ಅಭ್ಯಾಸ ಮಾಡುವ ಪ್ರಯೋಗಾಲಯದಲ್ಲಿ, ಸೂಕ್ಷ್ಮದರ್ಶಕದ ಕೆಳಗೆ ಕಂಡದ್ದನ್ನು ಕಾಗದದ ಮೇಲೆ ಬಿಡಿಸುವುದು ನನ್ನ ಕೆಲಸವಾಗಿತ್ತು. ಹುಳದ ಕಾಲಿನ ಮುಳ್ಳು, ರೆಕ್ಕೆಯ ನರ, ಮೀಸೆಯ ಗೆಣ್ಣು. ಫೋಟೋದಲ್ಲಿ ಎಲ್ಲವೂ ಒಂದೇ ಸಮ ಕಾಣುತ್ತದೆ. ಯಾವುದನ್ನು ನೋಡಬೇಕು ಎಂದು ಹೇಳುವುದು ಚಿತ್ರ ಮಾತ್ರ. ಒಂದು ದಿನ ಜಿಗಿಹುಳುವಿನ ರೆಕ್ಕೆಯ ನರವೊಂದು ನನ್ನ ಚಿತ್ರದಲ್ಲಿ ಅಲೆಅಲೆಯಾಗಿ ಬಂತು. ಯಂತ್ರ ಅದುರಿತೇನೋ ಎಂದುಕೊಂಡೆ. ಅದುರಿದ್ದು ಕೈ.

ಮಡಿಲಲ್ಲಿ ಇಟ್ಟರೆ ಕಲ್ಲಿನಂತೆ ಇರುತ್ತದೆ, ಪೆನ್ನು ಹಿಡಿದು ಕಾಗದದ ಹತ್ತಿರ ಒಯ್ದೊಡನೆ ಶುರುವಾಗುತ್ತದೆ. ಪ್ರಾಣಕ್ಕೇನೂ ಅಪಾಯವಿಲ್ಲ, ಆದರೆ ಕಡಿಮೆಯಾಗುವುದೂ ಇಲ್ಲ ಎಂದರು ಡಾಕ್ಟರು. ಅವರು ಕೊಟ್ಟ ಮಾತ್ರೆ ಕೈಯನ್ನು ತುಸು ನಿಲ್ಲಿಸಿ ತಲೆಯನ್ನು ತಿರುಗಿಸಿತು. ಎರಡರಲ್ಲಿ ತಲೆಯನ್ನೇ ಆರಿಸಿಕೊಂಡೆ, ಮಾತ್ರೆ ಬಿಟ್ಟೆ, ಕೆಲಸವನ್ನೂ ಬಿಡಬೇಕಾಯಿತು.

ಅಕ್ಕನಿಗೆ ಫೋನ್ ಮಾಡಬಹುದಲ್ಲ ಎಂದು ಯಾರಾದರೂ ಕೇಳಬಹುದು. ಅವಳಿಗೆ ಕಿವಿ ಕೇಳಿಸುವುದಿಲ್ಲ. ನಾನು ಫೋನಿನಲ್ಲಿ ಹೇಳಿದ್ದನ್ನು ಭಾವ ಅವಳ ಕಿವಿಯ ಬಳಿ ಕೂಗುತ್ತಾರೆ, ಅವಳು ಕೂಗಿದ್ದನ್ನು ನನಗೆ ತಿರುಗಿ ಕೂಗುತ್ತಾರೆ. ಒಳ್ಳೆಯವರು, ಬೇಸರಿಸಿಕೊಳ್ಳುವುದಿಲ್ಲ. ಆದರೆ ಭಾವನ ಬಾಯಿಂದ ಹಾದು ಹೋಗಬಹುದಾದ ಮಾತುಗಳು ಬೇರೆ, ಅಕ್ಕತಂಗಿಯರ ಮಾತುಗಳು ಬೇರೆ. ನಮ್ಮಿಬ್ಬರಿಗೆ ಬಾಗಿಲು ಹಾಕಿಕೊಂಡು ಕೂರಬಹುದಾದ ಕೋಣೆ ಎಂದು ಉಳಿದಿದ್ದು ಕಾಗದವೊಂದೇ. ವಾಪಸ್ಸು ಬಂದ ಆ ಕಾಗದದಲ್ಲಿ ನಾನು ಅವಳನ್ನು ಒಂದು ಮಾತು ಕೇಳಿದ್ದೆ. ಅದು ಪ್ರಶ್ನಾರ್ಥಕ ಚಿಹ್ನೆಗಳ ಭಾಗದಲ್ಲಿತ್ತು.

ಮಗಳು ಭಾನುವಾರ ಲ್ಯಾಪ್‌ಟಾಪ್ ತೆರೆದು ಊಟದ ಮೇಜಿನ ಮುಂದೆ ಕೂತಳು.

"ಹೇಳಮ್ಮ, ನೀನು ಹೇಳ್ತಾ ಹೋಗು, ನಾನು ಹೊಡೀತಾ ಹೋಗ್ತೀನಿ."

"ಪ್ರೀತಿಯ ಅಕ್ಕನಿಗೆ."

"ಆಯ್ತು."

"ನಾವೆಲ್ಲ ಕ್ಷೇಮ."

"ಆಯ್ತು. ಮುಂದೆ?"

ಮುಂದಿನದು ಬಾಯಿಗೆ ಬರಲಿಲ್ಲ. ಮಗಳ ಬೆರಳುಗಳು ಕೀಲಿಗಳ ಮೇಲೆ ಕಾಯುತ್ತಿದ್ದವು. ಎಷ್ಟು ನಿಶ್ಚಲವಾದ ಬೆರಳುಗಳು.

"ಅಮ್ಮ, ದೊಡ್ಡಮ್ಮಂಗೆ ಹವಾಮಾನ ವರದಿ ಕಳಿಸ್ತಿದೀಯಾ? ಏನಾದ್ರೂ ಹೇಳು."

"ನೀನು ಎದ್ದು ಆಚೆ ಹೋದ್ರೆ ಹೇಳ್ತೀನಿ."

"ನಾನು ಆಚೆ ಹೋದ್ರೆ ಟೈಪ್ ಯಾರು ಮಾಡ್ತಾರೆ?"

"ಅದೇ ನೋಡು ತೊಂದರೆ," ಎಂದೆ. "ಮುಚ್ಚು ಅದನ್ನ. ನಾನೇ ಬರೀತೀನಿ."

ಗೆರೆ ಹಾಕಿದ ಕಾಗದ ತಂದು ಬರೆದು ನೋಡಿದೆ. ಬಿಳಿ ಹಾಳೆಯ ಮೇಲೆ ಬರೆದದ್ದಕ್ಕಿಂತ ಕೆಟ್ಟದಾಗಿ ಕಂಡಿತು. ಯಾಕೆಂದು ಭೂತಗನ್ನಡಿ ಹಿಡಿದು ಪರೀಕ್ಷಿಸಿದೆ, ಅಭ್ಯಾಸ ಬಲ. ಅಕ್ಷರ ಮೊದಲಿನಷ್ಟೇ ನಡುಗಿತ್ತು, ಹೆಚ್ಚಿರಲಿಲ್ಲ. ಆದರೆ ಪಕ್ಕದಲ್ಲಿ ನೆಟ್ಟಗೆ ಓಡುವ ಗೆರೆಯೊಂದು ಪ್ರತಿ ನಡುಕವನ್ನೂ ಬೆರಳು ಮಾಡಿ ತೋರಿಸುತ್ತಿತ್ತು. ಜೊತೆಗೆ ಮೇಲಿನ ಸಾಲಿನ ಒತ್ತಕ್ಷರಗಳು ಕೆಳಗೆ ಜಾರಿ, ಕೆಳಗಿನ ಸಾಲಿನ ಗುಡಿಸುಗಳ ಮೇಲೆ ಬಿದ್ದು ಕಲಸಿಹೋಗಿದ್ದವು. ಅಕ್ಕನಿಗೆ ಓದಲಾಗದ್ದಕ್ಕೆ ಮುಕ್ಕಾಲು ಪಾಲು ಕಾರಣ ಈ ಡಿಕ್ಕಿ.

"ಈ ಗೆರೆ ಸರಿ ಇಲ್ಲ," ಎಂದೆ.

ಮಗಳು ನಕ್ಕಳು. "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ."

"ನೆಲ ಡೊಂಕಾಗಿಲ್ಲದೆ ಇರೋದೇ ತೊಂದರೆ ಕಣೆ," ಎಂದೆ. ರೇಗಿ ಆಡಿದ ಮಾತು. ಆದರೆ ಆಡಿದ ಮೇಲೆ ಅದನ್ನು ಬಿಡಲಾಗಲಿಲ್ಲ. ಪಾತ್ರೆ ತೊಳೆಯುವಾಗಲೂ ಅದೇ, ಬಟ್ಟೆ ಮಡಿಸುವಾಗಲೂ ಅದೇ. ನನ್ನ ಕೈಗೆ ತಕ್ಕ ಸಾಲು ಅಂಗಡಿಯಲ್ಲಿ ಸಿಗದಿದ್ದರೆ, ಅಂಥ ಸಾಲನ್ನು ನಾನೇ ಅಚ್ಚು ಹಾಕಿಸಬೇಕು.

ನಮ್ಮ ಬೀದಿಯ ಕೊನೆಯಲ್ಲಿ ಒಂದು ಸಣ್ಣ ಪ್ರೆಸ್ಸಿದೆ. ಅದರ ಮಾಲೀಕರು ಪ್ರತಿ ಮಾತನ್ನೂ ಎರಡೆರಡು ಸಲ ಹೇಳುವುದರಿಂದ ಬೀದಿಯವರಿಗೆಲ್ಲ ಅವರು 'ಡಬಲ್ ಅಚ್ಚು'. ಬಾಗಿಲಲ್ಲೇ ಮಸಿ ಮತ್ತು ಸೀಮೆಎಣ್ಣೆಯ ವಾಸನೆ. ಒಳಗೆ ಯಾವುದೋ ಕರಪತ್ರ ಓಡುತ್ತಿತ್ತು.

"ಬರೆಯೋ ಕಾಗದಾನಾ? ಮಾಡಿಕೊಡೋಣ, ಮಾಡಿಕೊಡೋಣ," ಎಂದು ಮಾದರಿಗಳ ಕಟ್ಟು ಬಿಚ್ಚಿದರು. "ಗುಲಾಬಿ ಇದೆ ನೋಡಿ, ಗುಲಾಬಿ. ಪಾರಿವಾಳ ಇದೆ."

"ಗುಲಾಬಿ ಬೇಡ. ಸಾಲು ಬೇಕು. ಡೊಂಕಾಗಿರಬೇಕು." ಪೆನ್ಸಿಲಿನಲ್ಲಿ ಬರೆದು ತೋರಿಸಿದೆ.

ಅವರು ಆ ಹಾಳೆಯನ್ನು ಕೈಯಲ್ಲಿ ತಿರುಗಿಸಿದರು, ಬೆಳಕಿಗೆ ಹಿಡಿದರು, ನನ್ನ ಕೈಯನ್ನೊಮ್ಮೆ ನೋಡಿದರು. "ಇದು ಕೈ ಜಾರಿರೋದು, ಮೇಡಂ. ನೆಟ್ಟಗೆ ಮಾಡಿಕೊಡ್ತೀನಿ, ನೆಟ್ಟಗೆ."

"ನೆಟ್ಟಗಿರೋದು ಎಲ್ಲಾ ಅಂಗಡೀಲೂ ಸಿಗುತ್ತೆ. ನಿಮ್ಮ ಹತ್ರ ಯಾಕೆ ಬರ್ತಿದ್ದೆ?"

"ಮೇಡಂ, ನನ್ನ ಮಷೀನಿಂದ ಡೊಂಕು ಸಾಲು ಹೊರಗೆ ಬಂದ್ರೆ ಜನ ನಿಮಗೆ ಅನ್ನಲ್ಲ, ನನಗೆ ಅಂತಾರೆ. ಡಬಲ್ ಅಚ್ಚು ಕುಡಿದು ಪ್ರಿಂಟ್ ಮಾಡ್ದ ಅಂತಾರೆ. ಆಗಲ್ಲ, ಆಗಲ್ಲ."

"ಹಾಗಾದ್ರೆ ಒಂದು ಡಬ್ಬಿ ಮಸಿ ಕೊಡಿ. ಒಂದು ಹಳೇ ರೋಲರ್ ಕೊಡಿ. ನಾನೇ ಮಾಡ್ಕೋತೀನಿ."

"ನೀವಾ?" ಎಂದರು. ಆ ಒಂದು ಮಾತನ್ನು ಮಾತ್ರ ಒಂದೇ ಸಲ ಅಂದರು.

ಮಸಿ, ರೋಲರ್ ಅವರಿಂದ ಕೈಗೆ ಬಂದ ಮೇಲೆ, ನೆಲಕ್ಕೆ ಹಾಸುವ ಲಿನೋಲಿಯಂ ಮಾರುವ ಅಂಗಡಿಯಲ್ಲಿ ತುಂಡೊಂದು ಸಿಕ್ಕಿತು. ಬಿಸಿಲಿಗಿಟ್ಟರೆ ಅದು ಮೆತ್ತಗಾಗುತ್ತದೆ, ಕೆತ್ತಲು ಸುಲಭ. ಮರಗೆಲಸದ ಸಾಮಾನಿನ ಅಂಗಡಿಯಿಂದ ಸಣ್ಣ ಉಳಿಗಳನ್ನೂ ತಂದೆ, ಒಂದು ಚೂಪು ಮೂತಿಯದು, ಒಂದು ಅಗಲ ಮೂತಿಯದು. ಆದರೆ ಕೆತ್ತಲು ಕೂರಬೇಕೆಂದು ಬೆಳಿಗ್ಗೆ ಮೇಜಿನ ಡ್ರಾಯರ್ ಎಳೆದರೆ ಉಳಿಗಳು ಮಾಯ.

ನಮ್ಮವರು ಹಲ್ಲಿನ ಡಾಕ್ಟರು. ಮನೆಯ ಮುಂಭಾಗದಲ್ಲೇ ಅವರ ಕ್ಲಿನಿಕ್ಕು. ದಿನವಿಡೀ ಊರವರ ಬಾಯಲ್ಲಿ ಚೂಪು ಸಾಮಾನು ಆಡಿಸುವ ಮನುಷ್ಯ. ನಾನು ನೇರ ಒಳಗೆ ಹೋದೆ. ಕುರ್ಚಿಯಲ್ಲಿ ದಪ್ಪ ಮೀಸೆಯ ಗಿರಾಕಿಯೊಬ್ಬರು ಬಾಯಿ ಕಳೆದುಕೊಂಡು ಮಲಗಿದ್ದರು.

"ನನ್ನ ಉಳಿ ಎಲ್ಲಿ?"

ಗಿರಾಕಿಯ ಕಣ್ಣುಗಳು ಅಗಲವಾದವು.

"ಆಮೇಲೆ ಮಾತಾಡೋಣ," ಎಂದರು ಇವರು.

"ಈಗಲೇ ಆಗ್ಲಿ. ಅವರೇನೂ ಮಧ್ಯ ಬಾಯಿ ಹಾಕಲ್ಲ."

"ನೋಡು, ನಿನ್ನ ಕೈ ಹೇಗಿದೆ ಅಂತ ನಿನಗೇ ಗೊತ್ತು. ಬೆರಳು ಕತ್ತರಿಸಿಕೊಂಡ್ರೆ?"

"ಕತ್ತರಿಸಿಕೊಂಡ್ರೆ ನನ್ನ ಬೆರಳು ರೀ. ನಿಮ್ಮ ಡ್ರಿಲ್ಲನ್ನ ನಾನು ಯಾವತ್ತಾದ್ರೂ ಬಚ್ಚಿಟ್ಟಿದೀನಾ?"

"ನನ್ನ ಕೈ ನಡುಗಲ್ವಲ್ಲ."

ಅಂದ ಮೇಲೆ ಅವರಿಗೇ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಗಿರಾಕಿ ಗಂಟಲಿನಿಂದ "ಆ... ಆ..." ಎಂದರು. ನಾನು ಅಲ್ಲೇ ನಿಂತೆ. ಹೋಗುವುದಿಲ್ಲವೆಂದು ಖಚಿತವಾದ ಮೇಲೆ ಇವರು ಕೈಗವಸು ತೆಗೆದು, ಹತ್ತಿಯ ಡಬ್ಬಿಯ ಹಿಂದಿನಿಂದ ಉಳಿಗಳನ್ನು ತೆಗೆದುಕೊಟ್ಟರು.

"ಎಡಗೈ ಯಾವಾಗಲೂ ಉಳಿಯ ಹಿಂದೆ ಇರ್ಲಿ. ಮುಂದೆ ಇಡಬೇಡ," ಎಂದರು ತಗ್ಗಿದ ದನಿಯಲ್ಲಿ.

"ಗೊತ್ತು," ಎಂದೆ. ಗೊತ್ತಿರಲಿಲ್ಲ.

ಮೇಜಿನ ಅಂಚಿಗೆ ಹಲಗೆ ಬಿಗಿದು, ಅದರ ಮೇಲೆ ಲಿನೋಲಿಯಂ ಇಟ್ಟು, ಚೂಪು ಉಳಿಯನ್ನು ಒತ್ತಿದೆ. ಅದು ಒಳಗಿಳಿದೊಡನೆ ಕೈಯ ನಡುಕ ಬಹುಪಾಲು ಅಡಗಿತು. ತಪ್ಪು ತಿಳಿದೆನೇನೋ ಎಂದು ಉಳಿಯನ್ನು ಎತ್ತಿದೆ, ಗಾಳಿಯಲ್ಲಿ ಕೈ ಮತ್ತೆ ತಕಪಕ. ಒತ್ತಿದೆ, ಅಡಗಿತು. ಕಾಲೇಜಿನಲ್ಲಿ ಓದಿದ್ದು ನೆನಪಾಯಿತು: ತೂಗುವ ಸ್ಪ್ರಿಂಗನ್ನು ಗಾಳಿಯಲ್ಲಿ ಬಿಟ್ಟರೆ ಬಹಳ ಹೊತ್ತು ಆಡುತ್ತದೆ, ದಪ್ಪ ಎಣ್ಣೆಯಲ್ಲಿ ಮುಳುಗಿಸಿದರೆ ಬೇಗ ನಿಲ್ಲುತ್ತದೆ. ನನ್ನ ಕೈಗೆ ನುಣುಪು ಕಾಗದ ಗಾಳಿಯಂತೆ, ಲಿನೋಲಿಯಂ ಎಣ್ಣೆಯಂತೆ. ಎದುರು ನಿಲ್ಲುವುದೊಂದಿದ್ದರೆ ಈ ಕೈ ಗಟ್ಟಿ.

ಪುಟದ ಮೇಲ್ಭಾಗಕ್ಕೆ ಜಿಗಿಹುಳುವಿನ ರೆಕ್ಕೆಯೊಂದನ್ನು ಕೆತ್ತಿದೆ, ನನ್ನ ಕೈಯನ್ನು ಮೊದಲು ಬಯಲು ಮಾಡಿದ ಅದೇ ರೆಕ್ಕೆ. ಕೆಳಗೆ ಸಾಲಿಗೊಂದು ಗೆರೆ ಕೊರೆದೆ. ಗಾಜಿನ ಮೇಲೆ ಮಸಿ ಸವರಿ, ರೋಲರ್ ಉರುಳಿಸಿ, ಕಾಗದ ಹರಡಿ, ಚಮಚದ ಬೆನ್ನಿನಿಂದ ಉಜ್ಜಿ ಎತ್ತಿದೆ. ಇಡೀ ಪುಟ ಕಪ್ಪು. ಗೆರೆಗಳಿದ್ದ ಕಡೆ ಕೂದಲೆಳೆಯಷ್ಟು ಬಿಳಿ.

ಬದುಕಿನುದ್ದಕ್ಕೂ ಪೆನ್ನಿನಲ್ಲಿ ಗೆರೆ ಎಳೆದವಳು ಮಾಡುವ ತಪ್ಪು ಇದು. ಉಳಿಯನ್ನೂ ಪೆನ್ನೆಂದುಕೊಂಡಿದ್ದೆ. ಉಳಿ ಹೋದ ದಾರಿ ಖಾಲಿಯಾಗುತ್ತದೆ, ಉಳಿದದ್ದೆಲ್ಲ ಮಸಿ ಹತ್ತಿಸಿಕೊಳ್ಳುತ್ತದೆ. ಕೊಳಲು ಮಾರುವವನಿಗೂ ತಿಳಿದಿರುತ್ತದೆ, ತೂತೇ ರಾಗವೆಂದು; ನನಗೆ ಹೊಳೆದಿರಲಿಲ್ಲ.

ಮಗಳು ಬಂದು ನೋಡಿದಳು. "ಇದರ ಮೇಲೆ ಬರೆಯೋಕೆ ಸುಣ್ಣ ಬೇಕು."

ನಾನು ಆ ಕಪ್ಪು ಹಾಳೆಯನ್ನು ಬಹಳ ಹೊತ್ತು ನೋಡಿದೆ. ರೆಕ್ಕೆ ಮಾತ್ರ ನಾನು ಬಿಡಿಸಿದ ಎಲ್ಲ ರೆಕ್ಕೆಗಳಿಗಿಂತ ಚೆನ್ನಾಗಿ ಬಂದಿತ್ತು, ಕಪ್ಪಿನ ಮೇಲೆ ಬಿಳಿ ನರಗಳು ಮಿಂಚಿನಂತೆ. ಹಾಗಾದರೆ ಸಾಲುಗಳೂ ಬಿಳಿಯಾಗಿಯೇ ಇರಲಿ, ಆದರೆ ಅಗಲವಾಗಲಿ. ಗೆರೆಯ ಮೇಲೆ ಬರೆಯುವುದೇಕೆ, ಗೆರೆಯ ಒಳಗೇ ಬರೆಯಬಹುದಲ್ಲ.

ಅಗಲ ಮೂತಿಯ ಉಳಿಯಿಂದ ಪ್ರತಿ ಗೆರೆಯನ್ನೂ ಕಾಲುವೆಯಷ್ಟು ಅಗಲಿಸಿದೆ. ಎಲ್ಲಿ ಕೈ ಅಲುಗಿತೋ ಅಲ್ಲಿ ದಂಡೆ ಅಲುಗಿತು, ತಿದ್ದಲಿಲ್ಲ. ಕಪ್ಪು ಮಸಿಯ ಬದಲು ಪ್ರೆಸ್ಸಿನಿಂದಲೇ ತಂದ ಬಿಳಿಯ ಜೊತೆ ಹಸಿರು ಬೆರೆಸಿ, ಹಳೆಯ ಗೋಡೆಯ ಪಾಚಿಯಂಥ ತಿಳಿ ಬಣ್ಣ ಮಾಡಿಕೊಂಡೆ. ಕಾಗದ ಎತ್ತಿದಾಗ ಹಸಿರಿನ ನಡುವೆ ಬಿಳಿಯ ದಾರಿಗಳು ಅಡ್ಡಡ್ಡ ಹರಿದಿದ್ದವು. ಇನ್ನೊಂದು ಹಾಳೆ ಎತ್ತಿದೆ. ಮೊದಲಿನದರಲ್ಲಿ ಎಲ್ಲಿ ಡೊಂಕಿತ್ತೋ ಅಲ್ಲೇ ಅದೇ ಡೊಂಕು. ಮತ್ತೊಂದು. ಅದರಲ್ಲೂ ಅದೇ.

ಪ್ರಯೋಗಾಲಯದಲ್ಲಿ ದೋಷವನ್ನು ಎರಡು ಬಗೆಯಾಗಿ ನೋಡುತ್ತೇವೆ. ಒಂದು ಪ್ರತಿ ಸಲ ಬೇರೆ ಬೇರೆ ಥರ ಬರುತ್ತದೆ, ಅದರ ಜೊತೆ ಏನೂ ಮಾಡಲಾಗುವುದಿಲ್ಲ. ಇನ್ನೊಂದು ಪ್ರತಿ ಸಲವೂ ಒಂದೇ ಥರ ಬರುತ್ತದೆ, ಅದನ್ನು ಅಳೆದು ಲೆಕ್ಕಕ್ಕೆ ತೆಗೆದುಕೊಂಡರೆ ಆಯಿತು. ನನ್ನ ನಡುಕ ಇಷ್ಟು ದಿನ ಮೊದಲನೆಯದಾಗಿತ್ತು. ಹಜಾರದ ಹಗ್ಗಕ್ಕೆ ಒಣಗಲು ಕ್ಲಿಪ್ಪು ಹಾಕಿ ನೇತುಹಾಕಿದ ಹಾಳೆಗಳಲ್ಲಿ, ಒಂದರ ಪಕ್ಕ ಒಂದು ಅದೇ ಅಲೆ, ಅದೇ ತಿರುವು ಸಾಲಾಗಿ ನಿಂತಿದ್ದನ್ನು ನೋಡಿದರೆ, ಯಾರೂ ಅದನ್ನು ದೋಷವೆನ್ನಲಾರರು. ಡಿಸೈನ್ ಅಂದಾರು.

ಹಜಾರ ದಾಟುವಾಗ ಮಗಳ ತಲೆಗೆಲ್ಲ ಹಸಿರು ಮೆತ್ತಿಕೊಂಡಿತು. "ಈ ಮನೇಲಿ ಒಬ್ಬರು ಹಲ್ಲು ಕೀಳ್ತಾರೆ, ಒಬ್ಬರು ಪ್ರಾಣ ತೆಗೀತಾರೆ," ಎಂದು ಬಚ್ಚಲಿಗೆ ಓಡಿದಳು.

ಮಸಿ ಒಣಗಿದ ಮೇಲೆ ಒಂದು ಹಾಳೆಯಲ್ಲಿ ಒಂದೇ ಸಾಲು ಬರೆದು ಇವರ ಕೈಗೆ ಕೊಟ್ಟೆ. ಕನ್ನಡಕ ಏರಿಸಿ, ಎಡವದೆ ಓದಿದರು: "ಹಲ್ಲಿನ ಡಾಕ್ಟರು ರಾತ್ರಿಯೆಲ್ಲ ಗೊರಕೆ ಹೊಡೆಯುತ್ತಾರೆ." ಮುಖ ಎತ್ತಿದರು. "ಯಾರು ಹೇಳಿದ್ದು?"

"ಯಾರಾದ್ರೂ ಹೇಳಲಿ. ಓದೋಕೆ ಬಂತಲ್ಲ."

ಕೈ ಮೊದಲಿನಷ್ಟೇ ನಡುಗುತ್ತಿತ್ತು, ಅದರಲ್ಲಿ ಏನೂ ಪವಾಡವಿಲ್ಲ. ಅಗಲ ದಾರಿಯಲ್ಲಿ ಅಕ್ಷರ ದೊಡ್ಡದಾಗಲೇಬೇಕಿತ್ತು. ಒತ್ತಕ್ಷರಗಳು ಎಷ್ಟೇ ಜಾರಿದರೂ ಹಸಿರು ದಂಡೆಯೊಳಗೆ ಬೀಳುತ್ತಿದ್ದವು, ಕೆಳಗಿನವರ ತಲೆಯ ಮೇಲಲ್ಲ. ಮತ್ತು ದಾರಿಯೇ ಓಲಾಡುವಾಗ ನಡೆಯುವವಳು ಓಲಾಡಿದರೆ ಯಾರು ಕೇಳುತ್ತಾರೆ?

ಅಂದೇ ಅಕ್ಕನಿಗೆ ಬರೆದೆ. ಕೆಂಪು ಚಿಹ್ನೆಗಳಡಿ ಕಳೆದುಹೋಗಿದ್ದ ಆ ಮಾತನ್ನು ಈ ಸಲ ಮೊದಲ ಸಾಲಿಗೇ ತಂದೆ: "ಅಕ್ಕ, ಕಿವಿ ಹೋಗುತ್ತಿದೆ ಅಂತ ಗೊತ್ತಾದಾಗ ನಿನಗೆ ಭಯ ಆಯಿತಾ? ನನಗೆ ಆಗುತ್ತಿದೆ. ಇವರ ಮುಂದೆ, ಮಗಳ ಮುಂದೆ ಹೇಳಿಲ್ಲ." ಕೊನೆಯಲ್ಲಿ ಬರೆದೆ: "ಟೈಪ್ ಮಾಡಿಸುವುದಿಲ್ಲ. ಕೈ ನಡುಗಿದರೆ ನಡುಗಿದ ಕೈಯಲ್ಲೇ ಬರೆಯುತ್ತೇನೆ. ಖಾಲಿ ಹಾಳೆಗಳನ್ನು ಜೊತೆಗೆ ಇಟ್ಟಿದ್ದೇನೆ, ನೀನೂ ಇದರಲ್ಲೇ ಉತ್ತರ ಬರೆಯಬೇಕು. ಬೇರೆ ಕಾಗದದಲ್ಲಿ ಬರೆದರೆ ವಾಪಸ್ಸು ಕಳಿಸುತ್ತೇನೆ."

ಅಕ್ಕನಿಗೆ ಹೀಗೆ ಯಾರೂ ಬರೆದಿಲ್ಲ. ಅಂಚೆ ಡಬ್ಬಿಗೆ ಹಾಕಿದ ಮೇಲೆ, ವಾಪಸ್ಸು ತೆಗೆಯಲು ಕೈ ಒಳಗೆ ಹೋಗುವುದೇ ಎಂದು ಒಂದು ಕ್ಷಣ ನೋಡಿದ್ದೂ ಹೌದು.

ವಾರ ಕಳೆದು ಭಾವನ ಫೋನು ಬಂತು. ಎದುರಿಗೆ ಯಾರಿದ್ದರೂ ಕೂಗಿಯೇ ಅವರಿಗೆ ಅಭ್ಯಾಸ.

"ಏನಮ್ಮಾ ಅದು ನೀನು ಕಳಿಸಿರೋದು? ನಿಮ್ಮಕ್ಕ ಮೇಜು ಬಿಟ್ಟು ಏಳ್ತಿಲ್ಲ. ಬರೀತಾಳೆ, ಹರೀತಾಳೆ. ಬರೀತಾಳೆ, ಹರೀತಾಳೆ!"

"ಬೈತಿದಾಳಾ ಭಾವ?"

"ನಿನ್ನನ್ನಲ್ಲ, ಪೆನ್ನನ್ನ!"

ಅದಾದ ಮೇಲೆ ಅಕ್ಕನ ಲಕೋಟೆ ಬಂತು, ದಪ್ಪನಾಗಿತ್ತು. ಬಾಗಿಲಲ್ಲೇ ನಿಂತು ಹರಿದೆ. ಮೊದಲು ಕಂಡದ್ದು ನನ್ನದೇ ಕಾಗದ, ಮತ್ತೆ ವಾಪಸ್ಸು. ಬಿಡಿಸಿ ನೋಡಿದರೆ ಒಂದೇ ಒಂದು ಪ್ರಶ್ನಾರ್ಥಕ ಚಿಹ್ನೆಯಿಲ್ಲ. ಸಾಲುಸಾಲಿಗೂ ಅವಳ ಹಳೆಯ ಕೆಂಪು ಟೀಕೆಗಳು: "ಇಲ್ಲಿ ಪೂರ್ಣವಿರಾಮ ಎಲ್ಲಿ?" "ಅಕ್ಷರಗಳ ನಡುವೆ ಅಂತರ." "ಹಿರಿಯರಿಗೆ ಹೀಗೆ ಬೆದರಿಕೆ ಹಾಕುತ್ತಾರೆಯೇ?" ಪುಟದ ಬುಡದಲ್ಲಿ ವೃತ್ತ ಎಳೆದು ಅಂಕ ಕೊಟ್ಟಿದ್ದಳು: ಹತ್ತಕ್ಕೆ ನಾಲ್ಕು. ಓದದೆ ಅಂಕ ಕೊಡುವವಳಲ್ಲ ಅಕ್ಕ.

ಅದರ ಹಿಂದೆ ಅವಳ ಉತ್ತರ, ನನ್ನ ಹಸಿರು ಹಾಳೆಯಲ್ಲಿ. ಆ ದುಂಡಕ್ಷರಗಳನ್ನು ಅಂಥ ಸ್ಥಿತಿಯಲ್ಲಿ ನಾನು ಹಿಂದೆಂದೂ ನೋಡಿರಲಿಲ್ಲ. ನೆಟ್ಟಗೆ ನಿಂತೇ ಅಭ್ಯಾಸವಾದವು, ನನ್ನ ದಾರಿಯ ತಿರುವುಗಳಲ್ಲಿ ದಂಡೆಗೆ ಭುಜ ತಾಗಿಸಿಕೊಂಡು, ಒಂದಕ್ಕೊಂದು ಆತುಕೊಂಡು, ಓಡುವ ಬಸ್ಸಿನಲ್ಲಿ ನಿಂತ ಹೆಡ್‌ಮಾಸ್ತರರಂತೆ ಕಾಣುತ್ತಿದ್ದವು.

"ಇದು ಕಾಗದವೋ ಕಂಬಳಿಹುಳುವೋ? ನಿನ್ನ ಸಾಲುಗಳಲ್ಲಿ ನನ್ನ ಅಕ್ಷರ ಕುಡುಕರ ಹಾಗೆ ಕಾಣುತ್ತದೆ. ನಿನ್ನದು ಮಾತ್ರ ಮನೆಯವರಂತೆ ಕೂತಿದೆ, ಇದು ಮೋಸ. ಒಂದು ಪುಟಕ್ಕೆ ಇಷ್ಟೇ ಸಾಲು ಎಂದರೆ ದುಂದು. ರೆಕ್ಕೆ ಚೆನ್ನಾಗಿದೆ, ಯಾವ ಹುಳದ್ದೆಂದು ಹೇಳಬೇಡ.

ನೀನು ಕೇಳಿದ್ದಕ್ಕೆ ಉತ್ತರ: ಆಯಿತು. ಒಂದು ದಿನ ನಾನು ಹಲಗೆಗೆ ಬರೆದು ತಿರುಗಿದಾಗ ತರಗತಿಯೆಲ್ಲ ನಗುತ್ತಿತ್ತು. ನಗುವುದು ಕಂಡಿತು, ಕೇಳಲಿಲ್ಲ. ಯಾಕೆ ನಕ್ಕರೆಂದು ಇವತ್ತಿಗೂ ಗೊತ್ತಿಲ್ಲ. ಮಾರನೆಯ ದಿನ ಅದೇ ತರಗತಿಗೆ ಹೋದೆ, ಮೊದಲಿಗಿಂತ ಜೋರಾಗಿ ಪಾಠ ಮಾಡಿದೆ. ಭಯ ಹೋಗಿಲ್ಲ. ನಿಮ್ಮ ಭಾವನಿಗೆ ಹೇಳಿಲ್ಲ, ನೀನೂ ಹೇಳಬೇಡ. ಹಾಳೆಗಳು ಮುಗಿದವು. ಬಹಳಷ್ಟು ಹರಿದುಹಾಕಿದೆ. ಕಳಿಸು."

ಮಗಳು ಹಿಂದಿನಿಂದ ಬಂದಳು. ಕಾಗದವನ್ನು ಎದೆಗೊತ್ತಿಕೊಂಡು ಮಡಿಸಿದೆ.

"ದೊಡ್ಡಮ್ಮ ಏನ್ ಅಂದ್ರು?"

"ಫೇಲ್ ಮಾಡಿದಾಳೆ. ಹತ್ತಕ್ಕೆ ನಾಲ್ಕು."

"ಅದಕ್ಕೆ ಯಾಕಮ್ಮ ಹೀಗೆ ನಗ್ತಿದೀಯ?"

ಹೊಸ ಹಾಳೆಯೊಂದನ್ನು ಎಳೆದುಕೊಂಡು ಕೂತೆ. ಪೆನ್ನು ಹತ್ತಿರ ಒಯ್ದೊಡನೆ ಕೈ ಶುರು ಮಾಡಿತು. ಮಾಡಲಿ ಎಂದು ಬಿಟ್ಟು, ಬಿಳಿ ದಾರಿಯ ಮೊದಲ ತಿರುವಿನಲ್ಲೇ ದೊಡ್ಡದಾಗಿ ಬರೆದೆ:

"ಅಂಕಗಳ ಮರುಪರಿಶೀಲನೆಗೆ ಅರ್ಜಿ."